ಅಂಕದ ಫಾರ್ಮ್ ಬೇಡ, ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು ಮತ್ತು ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮಕ್ಕಳ ಮೇಲಾದ ಹಿಂಸೆ ಮತ್ತು ಆಘಾತವನ್ನು ಆಸ್ಪತ್ರೆಯಲ್ಲಿ ಗುರುತಿಸುವ, ಗುರುತಿಸಿದ ಮೇಲೆ ಮಾಡಬೇಕಾದ ಕೆಲಸದ ಕುರಿತು

ಮಾನ್ಯರೇ,

ಮೊದಲಿಗೆ ಒಂದು ಪದದ ತಕರಾರು. ನಮ್ಮ ಆಸ್ಪತ್ರೆಗಳಲ್ಲಿ ‘ಟ್ರಾಮಾ’ ಎಂದರೆ ಹೆದ್ದಾರಿಯಲ್ಲಿ ಬೈಕ್‌ನಿಂದ ಬಿದ್ದು ಬಂದವರು. ಬೋರ್ಡಿನ ಮೇಲೂ ಅದೇ ಅರ್ಥ, ಆಂಬುಲೆನ್ಸ್ ಚಾಲಕರ ಬಾಯಲ್ಲೂ ಅದೇ ಅರ್ಥ. ಈ ಪತ್ರದಲ್ಲಿರುವುದು ಇನ್ನೊಂದು ಬಗೆಯದು. ಮನೆಯಲ್ಲಿ ಮಿತಿಮೀರಿ ಏಟು ತಿನ್ನುವ ಮಗು, ಗೊತ್ತಿದ್ದವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಗು, ಕುಡಿದು ಬಂದ ಅಪ್ಪ ಅಮ್ಮನನ್ನು ಬಡಿಯುವುದನ್ನು ದಿನಾ ನೋಡುವ ಮಗು ಹೊಟ್ಟೆನೋವು ಎಂದು ಒಪಿಡಿಗೆ ಬರುತ್ತದೆ. ಚೀಟಿಯಲ್ಲಿ ಜಂತುಹುಳದ ಮಾತ್ರೆ ಬರೆಯಿಸಿಕೊಂಡು ವಾಪಸ್ ಹೋಗುತ್ತದೆ.

ಇದು ಬದಲಾಗಬೇಕು ಎನ್ನುವವರಲ್ಲಿ ನಾವೂ ಇದ್ದೇವೆ. ಮಕ್ಕಳ ವೈದ್ಯರು, ಶುಶ್ರೂಷಾಧಿಕಾರಿಗಳು, ಆಪ್ತಸಮಾಲೋಚಕರು ಸೇರಿ ಇದನ್ನು ಬರೆಯುತ್ತಿದ್ದೇವೆ. ಬದಲಾವಣೆಗೆ ಸುಲಭದ ದಾರಿ ಎಂದು ಈಚೆಗೆ ಹೇಳಲಾಗುತ್ತಿರುವ ಒಂದು ಸಲಹೆಯ ಬಗ್ಗೆ ಮಾತ್ರ ನಮಗೆ ಗಟ್ಟಿ ಆಕ್ಷೇಪವಿದೆ. ತೂಕ, ಹಲ್ಲು, ಕಣ್ಣು ನೋಡುವ ಹಾಗೆ ಬಾಲ್ಯದ ಆಘಾತಕ್ಕೂ ಹತ್ತು ಪ್ರಶ್ನೆಯ ಒಂದು ಫಾರ್ಮ್ ಮಾಡಿ, ಎಲ್ಲ ಮಕ್ಕಳಿಗೂ ಕೇಳಿ, ಅಂಕ ಹಾಕಿ, ನಾಲ್ಕು ದಾಟಿದವರನ್ನು ರೆಫರ್ ಮಾಡಿ ಎಂಬುದು ಆ ಸಲಹೆ. ನಿಮ್ಮ ಮೇಜಿಗೆ ಬಂದಿರಬಹುದು, ಇಲ್ಲದಿದ್ದರೆ ಬರುತ್ತದೆ. ಅದು ಸುತ್ತೋಲೆಯಾಗುವ ಮುಂಚೆ ಇದನ್ನು ಓದಿ ಎಂಬುದು ವಿನಂತಿ.

ಆ ಹತ್ತು ಪ್ರಶ್ನೆಗಳು ಬಂದದ್ದು ಅಮೆರಿಕದ ಸ್ಯಾನ್ ಡಿಯಾಗೊದಿಂದ. ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಗೆ ತಪಾಸಣೆಗೆ ಬಂದ ವಯಸ್ಕರಿಗೆ 1995ರಿಂದ 1997ರವರೆಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿ, ಅವರ ಬಾಲ್ಯವನ್ನೂ ಈಗಿನ ಕಾಯಿಲೆಗಳನ್ನೂ ತಾಳೆ ನೋಡಲಾಯಿತು. ಎರಡು ಹಂತ ಸೇರಿ ಒಟ್ಟು 17,337 ಜನ. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಮೊದಲ ಹಂತದ ಫಲಿತಾಂಶ ಪ್ರಕಟಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವ ಇದ್ದವರಲ್ಲಿ, ಒಂದೂ ಇಲ್ಲದವರಿಗೆ ಹೋಲಿಸಿದರೆ, ಕುಡಿತದ ಚಟ, ಖಿನ್ನತೆ, ಆತ್ಮಹತ್ಯಾ ಯತ್ನದ ಅಪಾಯ 4ರಿಂದ 12 ಪಟ್ಟು ಕಂಡುಬಂತು. ದೊಡ್ಡ ಕೆಲಸ ಅದು, ಅನುಮಾನವಿಲ್ಲ. ಆದರೆ ಅಲ್ಲಿ ಕೇಳಿದ್ದು ದೊಡ್ಡವರನ್ನು, ಕಳೆದುಹೋದ ಬಾಲ್ಯದ ಬಗ್ಗೆ. ಉತ್ತರಿಸಿದವರು ಹೊಡೆದವರ ಜೊತೆ ಅದೇ ಸಂಜೆ ಮನೆಗೆ ಹೋಗಬೇಕಾದ ಮಕ್ಕಳಾಗಿರಲಿಲ್ಲ.

ಅಂಕದ ವಿಷಯದಲ್ಲಿ ಇನ್ನೂ ತೊಡಕಿದೆ. ಐದು ವರ್ಷ ಚಿಕ್ಕಪ್ಪನ ದೌರ್ಜನ್ಯ ಸಹಿಸಿದ, ಬೇರೇನೂ ತೊಂದರೆಯಿಲ್ಲದ ಹುಡುಗಿಗೆ ಈ ಲೆಕ್ಕದಲ್ಲಿ ಬರುವುದು ಒಂದು ಅಂಕ. ತಂದೆತಾಯಿ ಬೇರೆಯಾಗಿ, ತಂದೆ ಕುಡಿಯುವವನಾಗಿ, ಒಮ್ಮೆ ಜೈಲಿಗೆ ಹೋಗಿದ್ದು, ತಾಯಿಗೆ ಖಿನ್ನತೆ ಇದ್ದು, ಅಜ್ಜಿಯ ಮಡಿಲಲ್ಲಿ ನೆಮ್ಮದಿಯಾಗಿ ಬೆಳೆಯುತ್ತಿರುವ ಹುಡುಗನಿಗೆ ನಾಲ್ಕು. ಯಾರನ್ನು ಮೊದಲು ನೋಡಬೇಕು? ಅಂಕ ಹುಡುಗನ ಕಡೆ ಬೆರಳು ತೋರಿಸುತ್ತದೆ. ಇದನ್ನು ನಾವಷ್ಟೇ ಹೇಳುತ್ತಿಲ್ಲ. ಆಂಡಾ ಅವರೇ 2020ರಲ್ಲಿ ಸಹಲೇಖಕರೊಂದಿಗೆ ಬರೆದ ಪ್ರಬಂಧದಲ್ಲಿ, ಈ ಅಂಕ ಜನಸಮುದಾಯದ ಅಧ್ಯಯನಕ್ಕೆ ಮಾಡಿದ ಒರಟು ಅಳತೆ, ಒಬ್ಬೊಬ್ಬರ ಅಪಾಯ ನಿರ್ಧರಿಸಲು ಅಥವಾ ಚಿಕಿತ್ಸೆ ತೀರ್ಮಾನಿಸಲು ಬಳಸುವಂಥದ್ದಲ್ಲ ಎಂದು ಎಚ್ಚರಿಸಿದ್ದಾರೆ.

ಪ್ರಶ್ನೆಗಳೂ ನಮ್ಮ ನೆಲದವಲ್ಲ. ‘ವಿಚ್ಛೇದನ ಆಗಿದೆಯೇ’ ಎಂದರೆ ಇಲ್ಲ ಎಂಬ ಉತ್ತರ ಬರುತ್ತದೆ. ಅಮ್ಮ ತವರು ಸೇರಿ ಆರು ವರ್ಷವಾಗಿರುತ್ತದೆ, ಕಾಗದಪತ್ರ ಯಾವುದೂ ಆಗಿರುವುದಿಲ್ಲ. ಅಪ್ಪ ಅಮ್ಮ ಗುಳೆ ಹೋಗಿ ಅಜ್ಜನ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿದ ಮಗುವಿಗೆ ಅಲ್ಲಿ ಪ್ರಶ್ನೆಯೇ ಇಲ್ಲ. ಶಾಲೆಯಲ್ಲಿ ಜಾತಿ ಹಿಡಿದು ಮಾಡಿದ ಅವಮಾನಕ್ಕೆ, 15ಕ್ಕೇ ಆದ ಮದುವೆಗೆ, ಸಾಲಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ಅಪ್ಪನನ್ನು ಮೊದಲು ಕಂಡ ಮಗುವಿಗೆ ಕಾಲಂ ಇಲ್ಲ. ‘ಮನೇಲಿ ಹೊಡೀತಾರಾ’ ಎಂದು ಕೇಳಿದರೆ ಎಲ್ಲ ಮಕ್ಕಳೂ ಹ್ಞೂಂ ಎನ್ನುತ್ತವೆ. ಪಕ್ಕದಲ್ಲಿದ್ದ ತಾಯಿ ನಗುತ್ತಾಳೆ: ‘ಹೊಡೀದೆ ಮಾತು ಕೇಳ್ತಾವಾ ಸಾರ್?’ ಎಲ್ಲರಿಗೂ ಒಂದೊಂದು ಅಂಕ ಬಿದ್ದ ಮೇಲೆ ಆ ಅಂಕದಿಂದ ಯಾರನ್ನು ಗುರುತಿಸುವುದು? ತಿಳಿಯಬೇಕಾದ್ದು ಯಾವುದರಿಂದ ಹೊಡೆದರು, ಎಲ್ಲಿಗೆ ಹೊಡೆದರು, ಗುರುತು ಎಷ್ಟು ದಿನ ಉಳಿಯಿತು, ಅವತ್ತು ಶಾಲೆಗೆ ಹೋಗಲಾಯಿತೇ ಎಂಬುದು.

ಇದನ್ನು ರಾಜ್ಯಮಟ್ಟದಲ್ಲಿ ಮಾಡಿದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ 2020ರ ಜನವರಿ 1ರಿಂದ, ಬಡವರ ಆರೋಗ್ಯ ವಿಮೆಯಡಿ ನಡೆಸುವ ಪ್ರತಿ ತಪಾಸಣೆಗೆ ವೈದ್ಯರಿಗೆ 29 ಡಾಲರ್ ಕೊಡಲು ಶುರು ಮಾಡಿತು. ಮಕ್ಕಳಿಗೆ ಪರ್ಲ್ಸ್ ಎಂಬ 17 ಪ್ರಶ್ನೆಯ ಪಟ್ಟಿ. ಮೂಲ ಹತ್ತರ ಜೊತೆ ಹಸಿವು, ಮನೆಯಿಲ್ಲದಿರುವಿಕೆ, ತಾರತಮ್ಯದಂಥ ಏಳನ್ನು ಸೇರಿಸಿದ್ದು. ಹಣ, ತರಬೇತಿ ಎಲ್ಲವನ್ನೂ ಜೋಡಿಸಿಕೊಂಡೇ ಇಳಿದರು, ಅದನ್ನು ಒಪ್ಪಬೇಕು. ಅಷ್ಟಾಗಿಯೂ ಅಮೆರಿಕದ ತಜ್ಞರ ಕಾರ್ಯಪಡೆ 2018ರಲ್ಲೂ 2024ರಲ್ಲೂ, ಲಕ್ಷಣವೇ ಇಲ್ಲದ ಮಕ್ಕಳಲ್ಲಿ ಹಿಂಸೆಯನ್ನು ತಡೆಯಲು ಪ್ರಾಥಮಿಕ ಚಿಕಿತ್ಸಾಲಯ ಏನು ಮಾಡಿದರೆ ಲಾಭ ಎಂದು ಹೇಳಲು ಸಾಕ್ಷ್ಯ ಸಾಲದು ಎಂದೇ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಇನ್ನೂ ನೇರ: ಬಂದ ಎಲ್ಲ ಮಕ್ಕಳಿಗೂ ಸಿದ್ಧ ಪ್ರಶ್ನೆ ಕೇಳುವ ಪದ್ಧತಿ ಬೇಡ, ಹಿಂಸೆಯಿಂದ ಬಂದಿರಬಹುದಾದ ತೊಂದರೆ ಕಂಡಾಗ ಆ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿಚಾರಿಸಿ.

ಹಾಗೆಂದು ಸಮಸ್ಯೆ ಸಣ್ಣದು ಎಂದು ಯಾರೂ ತಿಳಿಯಬಾರದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು (ಕರ್ನಾಟಕ ಆ 13ರಲ್ಲಿ ಇರಲಿಲ್ಲ). ಒಂದಲ್ಲ ಒಂದು ರೂಪದ ಲೈಂಗಿಕ ದೌರ್ಜನ್ಯ ಹೇಳಿಕೊಂಡವರು ಶೇ 53.22. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಇಷ್ಟು ವ್ಯಾಪಕವಾಗಿರುವುದಕ್ಕೇ ಎಲ್ಲರನ್ನೂ ಕೇಳಬೇಕು ಎಂಬ ವಾದ ಬರುತ್ತದೆ. ನಾವು ಅದೇ ಅಂಕಿಯಿಂದ ಉಲ್ಟಾ ತೀರ್ಮಾನಕ್ಕೆ ಬರುತ್ತೇವೆ: ಎಲ್ಲರನ್ನೂ ಕೇಳಿದರೆ ಅರ್ಧ ತರಗತಿ ಹೌದು ಎನ್ನುತ್ತದೆ, ಮಾರನೆಯ ದಿನ ಆ ಅರ್ಧ ತರಗತಿಗೆ ನಾವು ಏನು ಕೊಡುತ್ತೇವೆ? ಬಿಪಿ ನೋಡುವ ಶಿಬಿರದ ಕೊನೆಯಲ್ಲಿ ಮಾತ್ರೆ ಇದೆ. ಚಿಕಿತ್ಸೆಯೂ ಅದನ್ನು ಕೊಡುವ ವ್ಯವಸ್ಥೆಯೂ ಇದ್ದರೆ ಮಾತ್ರ ತಪಾಸಣೆ ಮಾಡಿ ಎಂದು ವಿಲ್ಸನ್ ಮತ್ತು ಯುಂಗ್ನರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲೇ ಬರೆದಿಟ್ಟಿದ್ದಾರೆ.

ಈಗ ಫಾರ್ಮ್ ನಿಜವಾಗಿ ಎಲ್ಲಿ ಹೋಗಿ ಬೀಳುತ್ತದೆ ನೋಡಿ. 2013ರಲ್ಲಿ ಆರಂಭವಾದ, ಶಾಲೆ ಅಂಗನವಾಡಿಗಳಿಗೆ ಹೋಗಿ ಮಕ್ಕಳ ಆರೋಗ್ಯ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಪಟ್ಟಿಯಲ್ಲಿ 30 ತೊಂದರೆಗಳಿವೆ. ಆಟಿಸಂ, ಕಲಿಕೆಯ ತೊಂದರೆ, ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇವೆ, ಆಘಾತ ಇಲ್ಲ. ಸೇರಿಸಿದರೆ ಆಯಿತಲ್ಲ ಎನಿಸಬಹುದು. 120 ಮಕ್ಕಳ ಶಾಲೆ, ಕೈಗೆ ಸಿಗುವುದು ಐದು ಗಂಟೆ: ಒಂದು ಮಗುವಿಗೆ ಎರಡೂವರೆ ನಿಮಿಷ, ಅದರಲ್ಲೇ ತೂಕ, ಎತ್ತರ, ಹಲ್ಲು, ಕಿವಿ, ಕಣ್ಣು, ಕಣ್ಣಿನ ರೆಪ್ಪೆ ಕೆಳಗೆಳೆದು ರಕ್ತಹೀನತೆ. ಇದೆಲ್ಲ ನಡೆಯುವುದು ಜಗಲಿಯಲ್ಲಿ, ಹಿಂದೆ ಸಾಲಿನಲ್ಲಿ ಸಹಪಾಠಿಗಳು, ಪಕ್ಕದಲ್ಲಿ ಹೆಸರು ಕೂಗುವ ಮೇಷ್ಟ್ರು. ಅಲ್ಲಿ ‘ನಿನ್ನ ಮೈ ಯಾರಾದರೂ ಕೆಟ್ಟದಾಗಿ ಮುಟ್ಟಿದ್ದಾರಾ’ ಎಂದು ಕೇಳುವುದು ಬರೀ ನಿರರ್ಥಕವಲ್ಲ, ಕ್ರೌರ್ಯ. ಮುಟ್ಟಿದವನು ಆ ಮೇಷ್ಟ್ರೇ ಆಗಿರಬಹುದು.

ಮಗು ಹೌದು ಎಂದಿತು ಎನ್ನಿ. ಆ ಕ್ಷಣದಿಂದ ಕೇಳಿದವರಿಗೆ ‘ತಿಳಿದಿದೆ’. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಸ್ಥಳೀಯ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಆಯ್ಕೆಯ ಮಾತೇ ಇಲ್ಲ. ಕಾನೂನು ತಪ್ಪು ಎನ್ನುತ್ತಿಲ್ಲ. ಆದರೆ ಎರಡೂವರೆ ನಿಮಿಷದ ಟಿಕ್ ಮಾರ್ಕಿನಿಂದ ಸಂಜೆಗೆ ಮನೆ ಬಾಗಿಲಿಗೆ ಪೊಲೀಸ್ ಜೀಪು ಬರುವುದೂ, ರಾತ್ರಿ ಮಗು ಅದೇ ಮನೆಯಲ್ಲಿ ಮಲಗುವುದೂ ಏನು ಮಾಡುತ್ತವೆ ಎಂಬುದನ್ನು ಫಾರ್ಮ್ ರೂಪಿಸುವವರು ಕಲ್ಪಿಸಿಕೊಳ್ಳಬೇಕು. ಮಗು ಮಾತು ಹಿಂತೆಗೆದುಕೊಳ್ಳುತ್ತದೆ. ಮುಂದಿನ ಸಲ ತಂಡ ಬಂದಾಗ ಊರಿನವರು ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ. ಎರಡು ಸಲ ಠಾಣೆಗೆ ಅಲೆದ ನರ್ಸ್ ಮೂರನೆಯ ಸಲ ಆ ಪ್ರಶ್ನೆಗೆ ತಾನೇ ‘ಇಲ್ಲ’ ಎಂದು ಟಿಕ್ ಹಾಕುತ್ತಾಳೆ. ಅಂಕಿಅಂಶ ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ಪ್ರಶ್ನೆಗೆ ಹೌದು ಎಂದು ಹೇಳದೆ ಒಟ್ಟು ಸಂಖ್ಯೆ ಮಾತ್ರ ಬರೆಯುವ ಅವಕಾಶವೂ ಇದೆ. ಬರೀ ‘5’ ಎಂಬ ಅಂಕೆ ಹಿಡಿದು ಮಗುವಿಗೆ ಏನು ನೆರವು ಕೊಡುವುದು?

ಹೆದರಿಕೆಯಿಂದ ದಾಖಲೆ ಸುಳ್ಳಾಗುವುದು ಹೊಸದೂ ಅಲ್ಲ. 18 ತುಂಬದ ಬಸುರಿ ಹುಡುಗಿಯ ‘ತಾಯಿ ಕಾರ್ಡಿ’ನಲ್ಲಿ ವಯಸ್ಸು 19 ಆಗುವುದು ಹಾಗೆಯೇ. ಕಾರ್ಡಿನಲ್ಲಿ 19 ಆದರೆ ಆಕೆ ಹೆಚ್ಚು ಅಪಾಯದ ಗರ್ಭಿಣಿಯರ ಪಟ್ಟಿಯಿಂದಲೂ ಹೊರಬೀಳಬಹುದು, ಮದುವೆ ಹೆಸರಿನಲ್ಲಿ ನಡೆದದ್ದನ್ನು ಯಾರೂ ಕೇಳದೆ ಹೋಗುತ್ತಾರೆ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಸೆಕ್ಷನ್ 19ರ ಮಾಹಿತಿಯಲ್ಲಿ ವೈದ್ಯರು ಆಕೆಯ ಹೆಸರು, ಗುರುತು ಕೊಡಬೇಕಾಗಿಲ್ಲ ಎಂದಿದೆ. ಈ ಒಂದು ಸಾಲು ಪ್ರತಿ ಹೆರಿಗೆ ವಿಭಾಗಕ್ಕೂ ಕನ್ನಡದಲ್ಲಿ ತಲುಪಬೇಕು.

ಫಾರ್ಮ್ ಬೇಡ ಎಂದ ಮೇಲೆ ಏನು ಬೇಕು ಎಂದೂ ಹೇಳಬೇಕಲ್ಲ.

ಯಾವ ಮಗುವನ್ನು ಕಂಡಾಗ ವಿಚಾರಿಸಬೇಕು ಎಂಬ ತರಬೇತಿ ಬೇಕು, ಅದೂ ಮೈಮೇಲಿನ ಗುರುತಿನಿಂದ ಶುರುವಾಗಬೇಕು. ಓಡಾಡುವ ಮಗುವಿನ ಮೊಣಕಾಲು, ಹಣೆಯ ಮೇಲೆ ನೀಲಿಗಟ್ಟಿದ ಗುರುತು ಸಹಜ. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆಯ ಮೇಲಿದ್ದರೆ ನಿಲ್ಲಬೇಕು. ಅದೇ ವಯಸ್ಸಿನಲ್ಲಿ ದವಡೆಯ ಮೂಲೆ, ಕೆನ್ನೆಯ ಮಾಂಸಲ ಭಾಗ, ಕಣ್ಣಿನ ರೆಪ್ಪೆ, ಕಣ್ಣಿನ ಬಿಳಿಭಾಗದ ರಕ್ತ, ತುಟಿಯನ್ನು ವಸಡಿಗೆ ಹಿಡಿದಿಡುವ ಸಣ್ಣ ಎಳೆ ಹರಿದಿರುವುದು, ಯಾವ ವಯಸ್ಸೇ ಆಗಲಿ ಬೆಲ್ಟು, ಬೆರಳು, ಹಲ್ಲಿನ ಅಚ್ಚು ಮೂಡಿರುವುದು ಕಂಡರೂ ಅಷ್ಟೇ. ಐದು ತಿಂಗಳು ತುಂಬದ ಕೂಸಿನ ಮೈಮೇಲೆ ಎಲ್ಲೇ ಒಂದು ಗುರುತಿದ್ದರೂ ಸುಮ್ಮನೆ ಕಳಿಸುವಂತಿಲ್ಲ. ಮಗುಚಿಕೊಳ್ಳಲೂ ಬಾರದ ಮಗು ತನಗೆ ತಾನೇ ಪೆಟ್ಟು ಮಾಡಿಕೊಳ್ಳುವುದು ಬಹಳ ಅಪರೂಪ. ‘ಮಂಚದಿಂದ ಉರುಳಿ ಬಿತ್ತು’ ಎಂದರೆ ಆ ವಯಸ್ಸಿಗೆ ಉರುಳುತ್ತದೆಯೇ ಎಂದು ಕೇಳಿಕೊಳ್ಳಬೇಕು. ಪೆಟ್ಟಾದದ್ದು ಯಾವಾಗ, ತಂದದ್ದು ಯಾವಾಗ, ಅಮ್ಮ ಹೇಳಿದ್ದಕ್ಕೂ ಅಜ್ಜಿ ಹೇಳಿದ್ದಕ್ಕೂ ತಾಳೆಯಾಗುತ್ತದೆಯೇ ನೋಡಬೇಕು. ಎರಡು ವರ್ಷದೊಳಗಿನ ಮಗುವಿನಲ್ಲಿ ಅನುಮಾನ ಬಲವಾಗಿದ್ದರೆ ಇಡೀ ಮೈಯ ಎಲುಬುಗಳ ಎಕ್ಸ್‌ರೇ ಬೇಕು. ಅದರ ಜೊತೆಗೇ ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ; ರಕ್ತಸ್ರಾವದ ಕಾಯಿಲೆ ಇರುವ ಮಗುವಿನ ತಂದೆತಾಯಿಯನ್ನು ಅಪರಾಧಿಗಳಾಗಿ ಮಾಡುವ ತಪ್ಪೂ ನಡೆಯುತ್ತದೆ.

ನಮ್ಮಲ್ಲಿ ದಾರಿ ತಪ್ಪಿಸುವ ಎರಡು ಗುರುತುಗಳನ್ನು ಬೇರೆ ಹೇಳಬೇಕು. ಹುಟ್ಟಿನಿಂದಲೇ ಸೊಂಟ, ಕುಂಡೆಯ ಮೇಲಿರುವ ನೀಲಿ ಮಚ್ಚೆಯನ್ನು ಹೊಸ ವೈದ್ಯರು ಏಟಿನ ಗುರುತೆಂದು ತಿಳಿಯುತ್ತಾರೆ. ಎರಡು ವಾರ ಬಿಟ್ಟು ನೋಡಿದರೆ ಸಾಕು: ಏಟಿನದಾದರೆ ಬಣ್ಣ ತಿರುಗಿ ಮಾಯವಾಗಿರುತ್ತದೆ, ಮಚ್ಚೆ ಇದ್ದ ಹಾಗೇ ಇರುತ್ತದೆ. ಇನ್ನೊಂದು ಬರೆ. ಕಾಮಾಲೆ ಬಂತೆಂದು, ಫಿಟ್ಸ್ ಬಂತೆಂದು ಹಸುಗೂಸಿನ ಹೊಟ್ಟೆಯ ಮೇಲೆ ಕಾಸಿದ ಕಡ್ಡಿಯಲ್ಲಿ ಬರೆ ಹಾಕಿಸಿ ತರುವವರು ಈಗಲೂ ಇದ್ದಾರೆ. ಅದು ಗಾಯವೇ, ನಂಜಾಗುತ್ತದೆ, ಬರೆ ಹಾಕಿಸುವ ಹೊತ್ತಿನಲ್ಲಿ ಕಾಮಾಲೆ ಏರಿರುತ್ತದೆ. ಆದರೆ ಆ ತಾಯಿ ಮಗುವನ್ನು ಉಳಿಸಿಕೊಳ್ಳಲೆಂದೇ ಹಾಗೆ ಮಾಡಿದ್ದಾಳೆ. ಬೈದು ಕಳಿಸಿದರೆ ಮುಂದಿನ ಮಗುವನ್ನು ಆಸ್ಪತ್ರೆಗೇ ತರುವುದಿಲ್ಲ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಆರು ವರ್ಷದವನ ತೊಡೆಗೆ ಇಟ್ಟ ಕಾಸಿದ ಚಮಚದ ಬರೆ ಬೇರೆಯದು. ಎರಡನ್ನೂ ಚೀಟಿಯಲ್ಲಿ ‘ಸುಟ್ಟಗಾಯ’ ಎಂದಷ್ಟೇ ಬರೆದರೆ ವ್ಯತ್ಯಾಸ ಅಲ್ಲೇ ಮುಚ್ಚಿಹೋಗುತ್ತದೆ.

ಗುರುತೇ ಇಲ್ಲದ ಮಕ್ಕಳು ಹೆಚ್ಚು. ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ ಹಾಸಿಗೆಯಲ್ಲಿ ಮಲಗುತ್ತಿದ್ದ ಮಗು ಮತ್ತೆ ಒದ್ದೆ ಮಾಡಲು ಶುರು ಮಾಡುವುದು. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗದ, ಮತ್ತೆ ಮತ್ತೆ ಬರುವ ಹೊಟ್ಟೆನೋವು. ಇದ್ದಕ್ಕಿದ್ದಂತೆ ಶಾಲೆ ಬೇಡ ಎನ್ನುವುದು. ಒಬ್ಬ ಸಂಬಂಧಿ ಬಂದಾಗ ಮಾತ್ರ ಊಟ ಬಿಡುವುದು. ಹದಿಹರೆಯದ ಹುಡುಗಿಯರ ‘ಫಿಟ್ಸ್’ ಬಗ್ಗೆ ಒಂದು ಮಾತು: ಕಣ್ಣು ಬಿಗಿಯಾಗಿ ಮುಚ್ಚಿರುವುದು, ತೆರೆಯಲು ಹೋದರೆ ತಡೆಯುವುದು, ಏಳೆಂಟು ನಿಮಿಷ ನಡೆದರೂ ನಾಲಿಗೆ ಕಚ್ಚಿಕೊಳ್ಳದಿರುವುದು, ಜನ ಇದ್ದಾಗಲೇ ಬರುವುದು. ಇವು ಮೂರ್ಛೆರೋಗವಲ್ಲದ, ಮನಸ್ಸಿನ ಒತ್ತಡದಿಂದ ಬರುವ ಸೆಳವಿನ ಕಡೆಗೆ ಬೊಟ್ಟು ಮಾಡುತ್ತವೆ. ಅಂಥವರು ವರ್ಷಗಟ್ಟಲೆ ಫೆನಿಟಾಯಿನ್ ಎಂಬ ಮೂರ್ಛೆರೋಗದ ಮಾತ್ರೆ ನುಂಗಿ ವಸಡು ಊದಿಸಿಕೊಂಡಿರುತ್ತಾರೆ, ಯಾರೂ ‘ಮನೆಯಲ್ಲಿ ಏನಾಗುತ್ತಿದೆ’ ಎಂದು ಕೇಳಿರುವುದಿಲ್ಲ. ಮೈಮೇಲೆ ದೇವರು ಬರುತ್ತದೆ ಎಂದು ಕರೆತಂದ ಹುಡುಗಿಗೂ ಇದೇ ಮಾತು. ಎರಡೂ ಬಗೆಯ ಫಿಟ್ಸ್ ಒಬ್ಬರಲ್ಲೇ ಇರಬಹುದು, ಹಾಗಾಗಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಅದು ನರರೋಗ ತಜ್ಞರ ಕೆಲಸ.

ಇನ್ನು ಕೋಣೆ. ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಸ್ಟೋರ್ ರೂಮ್ ಖಾಲಿ ಮಾಡಿಸಿದರೆ ಸಾಕು. ಬಾಗಿಲು ಮುಚ್ಚಬೇಕು, ಚಿಲಕ ಹಾಕಬಾರದು. ಚಿಲಕದ ಸದ್ದಿಗೇ ಹೆದರುವ ಮಕ್ಕಳಿವೆ. ಒಂದೇ ಎತ್ತರದ ಎರಡು ಕುರ್ಚಿ, ಮಗುವಿನ ಕುರ್ಚಿ ಬಾಗಿಲಿನ ಹತ್ತಿರ. ನಡುವೆ ಮೇಜು ಬೇಡ. ಫೋನ್ ಹೊರಗೆ. ಜೊತೆಗೆ ಬಂದ ದೊಡ್ಡವರನ್ನು ಹೊರಗೆ ಕೂರಿಸುವುದೇ ದೊಡ್ಡ ಸಮಸ್ಯೆ ಎನ್ನುತ್ತಾರೆ. ಹತ್ತು ವರ್ಷ ದಾಟಿದ ಎಲ್ಲ ಮಕ್ಕಳನ್ನೂ ಐದು ನಿಮಿಷ ಒಂಟಿಯಾಗಿ ಮಾತಾಡಿಸುವುದು ಆಸ್ಪತ್ರೆಯ ನಿಯಮ ಎಂದು ಬೋರ್ಡ್ ಹಾಕಿದರೆ, ಯಾವ ಅಪ್ಪನಿಗೂ ತನ್ನ ಮಗಳನ್ನೇ ಯಾಕೆ ಕರೆದರು ಎಂಬ ಸಂಶಯ ಬರುವುದಿಲ್ಲ. ಮಗು ಲಂಬಾಣಿಯೋ ತುಳುವೋ ಉರ್ದುವೋ ಮಾತಾಡುವುದಾದರೆ ದುಭಾಷಿ ಮನೆಯವರಾಗಿರಬಾರದು. ಆ ಭಾಷೆ ಬಲ್ಲ ಸಿಬ್ಬಂದಿಯ ಹೆಸರು ಮೊದಲೇ ಗುರುತು ಹಾಕಿಟ್ಟಿರಬೇಕು.

ಮಾತು ಶುರುವಾಗುವುದು ಪ್ರಶ್ನೆಯಿಂದಲ್ಲ, ಎಚ್ಚರಿಕೆಯಿಂದ. ‘ಯಾರಿಗೂ ಹೇಳಲ್ಲ, ಹೇಳು’ ಎಂದು ಪ್ರಮಾಣ ಮಾಡುವುದು ನಮ್ಮವರು ಮಾಡುವ ಮೊದಲ ತಪ್ಪು. ಸೆಕ್ಷನ್ 19 ಇರುವಾಗ ಅದು ಸುಳ್ಳು, ಮಗುವಿಗೆ ದೊಡ್ಡವರಿಂದ ಇನ್ನೊಂದು ಮೋಸ. ಹೀಗೆ ಹೇಳಬಹುದು: ‘ನೀನು ಹೇಳಿದ್ದನ್ನ ಊರಿಗೆಲ್ಲ ಹೇಳಲ್ಲ ಪುಟ್ಟಾ. ಆದ್ರೆ ನಿಂಗೆ ಯಾರಾದ್ರೂ ನೋವು ಮಾಡ್ತಿದ್ದಾರೆ ಅಂತ ಗೊತ್ತಾದ್ರೆ, ಅದನ್ನ ನಿಲ್ಲಿಸೋಕೆ ಕೆಲವರಿಗೆ ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿಂಗೇ ಹೇಳ್ತೀನಿ.’ ಆಮೇಲೆ: ‘ಹೊಟ್ಟೆನೋವು ಯಾವಾಗ ಜಾಸ್ತಿ? ಯಾವಾಗ ಇರೋದೇ ಇಲ್ಲ?’ ಅಲ್ಲಿಂದ ‘ಆಮೇಲೆ ಏನಾಯ್ತು’ ಎಂಬುದೊಂದೇ ಪ್ರಶ್ನೆ ಸಾಕು. ‘ಮಾವ ಮುಟ್ಟಿದ್ರಾ’ ಎಂದು ಉತ್ತರವನ್ನು ಬಾಯಿಗೆ ತುರುಕಿದರೆ ನಾಳೆ ಕೋರ್ಟಿನಲ್ಲಿ ಆ ಮಗುವಿನ ಮಾತಿಗೇ ಪೆಟ್ಟು. ‘ಯಾಕೆ ಕೂಗಲಿಲ್ಲ’, ‘ಯಾಕೆ ಮೊದಲೇ ಹೇಳಲಿಲ್ಲ’ ಎಂಬ ಯಾಕೆಗಳು ತಪ್ಪನ್ನು ಮಗುವಿನ ಮೇಲೇ ಹೊರಿಸುತ್ತವೆ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆಯಬೇಕು. ‘ಉಚ್ಚೆ ಮಾಡೋ ಜಾಗ’ ಎಂದರೆ ಹಾಗೆಯೇ. ಇಂಗ್ಲಿಷಿನ ಅಂಗರಚನಾ ಪದಕ್ಕೆ ತಿದ್ದಬಾರದು. ಇಷ್ಟು ತಿಳಿದರೆ ನಿಲ್ಲಿಸಬೇಕು. ತನಿಖೆ ನಮ್ಮ ಕೆಲಸವಲ್ಲ.

ಲೈಂಗಿಕ ದೌರ್ಜನ್ಯ ಎಂದು ಗೊತ್ತಾದ ದಿನ ಕ್ಯಾಶುವಾಲಿಟಿಯಲ್ಲಿ ಏನಾಗಬೇಕು ಎಂಬುದು ಕಾನೂನಿನಲ್ಲೂ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಲ್ಲೂ ಇದೆ, ಆಗುವುದು ಬೇರೆ. ‘ಪೊಲೀಸರಿಂದ ಪತ್ರ ತನ್ನಿ’ ಎಂದು ವಾಪಸ್ ಕಳಿಸುವುದು ತಪ್ಪು. 2020ರ ಪೋಕ್ಸೊ ನಿಯಮ 6 ಅದನ್ನು ಕೇಳಲೇಬಾರದು ಎನ್ನುತ್ತದೆ, ಹೊಸ ಅಪರಾಧ ಪ್ರಕ್ರಿಯಾ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 397 ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು ಎನ್ನುತ್ತದೆ. ಎಚ್‌ಐವಿ ತಡೆಯ ಔಷಧ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ತುರ್ತು ಗರ್ಭನಿರೋಧಕ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಸಾಕ್ಷ್ಯಕ್ಕೆಂದು ಒರೆಸಿ ತೆಗೆಯುವ ಸ್ವಾಬ್ ಮಾದರಿಗಳು 96 ಗಂಟೆಯೊಳಗೆ. ಶುಕ್ರವಾರ ರಾತ್ರಿ ನಡೆದ ಘಟನೆ, ಸೋಮವಾರ ಬೆಳಗ್ಗೆ ಬಾ ಎಂಬ ಮಾತು: 72ರಲ್ಲಿ 60 ಗಂಟೆ ಮುಗಿದಿರುತ್ತದೆ. ಬಾಲಕಿಯನ್ನು ಪರೀಕ್ಷಿಸುವುದು ಮಹಿಳಾ ವೈದ್ಯರು, ಮಗು ನಂಬುವ ಒಬ್ಬರು ಪಕ್ಕದಲ್ಲಿ. 12 ತುಂಬಿದ ಮಗುವಿನದೇ ಒಪ್ಪಿಗೆ ಬೇಕು. ಪರೀಕ್ಷೆ ಬೇಡ ಎಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಯೋನಿಯೊಳಗೆ ಬೆರಳು ಹಾಕಿ ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಮುದ್ರಿತ ನಮೂನೆಯಲ್ಲಿ ಆ ಕಾಲಂ ಇನ್ನೂ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ಹರಿದು ಹಾಕಿಸಿ.

ದೈಹಿಕ ಹಿಂಸೆ, ನಿರ್ಲಕ್ಷ್ಯಕ್ಕೆ ದಾರಿ ಬೇರೆ: ಮಕ್ಕಳ ಸಹಾಯವಾಣಿ 1098, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ. ಮನೆಗೆ ಕಳಿಸುವ ಮುನ್ನ ಕೇಳಬೇಕಾದ ಒಂದೇ ಪ್ರಶ್ನೆ, ಈ ರಾತ್ರಿ ಮಗು ಯಾರ ಜೊತೆ ಮಲಗುತ್ತದೆ? ಉತ್ತರ ಸರಿಯಿಲ್ಲದಿದ್ದರೆ ‘ವೀಕ್ಷಣೆಗಾಗಿ’ ಎಂದು ವಾರ್ಡಿನಲ್ಲಿ ಸೇರಿಸಿಕೊಳ್ಳುವ ಅಧಿಕಾರ ವೈದ್ಯರಿಗಿದೆ. ಹಾಸಿಗೆ ಖಾಲಿ ಇಲ್ಲ ಎಂಬುದು ಇಲ್ಲಿ ಉತ್ತರವಾಗಬಾರದು.

ಆಮೇಲಿನ ತಿಂಗಳು ಯಾರ ಲೆಕ್ಕದಲ್ಲೂ ಇಲ್ಲ. ನಿದ್ದೆ ಬರುತ್ತಿಲ್ಲ ಎಂದರೆ ಅಲ್ಪ್ರಜೊಲಾಮ್, ಕ್ಲೊನಾಜೆಪಾಮ್‌ನಂಥ ನಿದ್ದೆ ಬರಿಸುವ ಮಾತ್ರೆ ಬರೆಯುವ ಚಾಳಿ ಇದೆ. ಘಟನೆ ನಡೆದ ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆಂದು ಈ ಗುಂಪಿನ ಮಾತ್ರೆಗಳನ್ನು ಮಕ್ಕಳಿಗೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ನಡೆದದ್ದನ್ನೆಲ್ಲ ಕೂರಿಸಿ ಮತ್ತೆ ಹೇಳಿಸುವುದೂ ಬೇಡ. ಬೇಕಾದ್ದು ಮಾಮೂಲಿ ದಿನಚರಿ, ಬೇಗ ಶಾಲೆಗೆ ಮರಳುವುದು, ಹಾಸಿಗೆ ಒದ್ದೆ ಮಾಡಿದರೆ ಬಯ್ಯದಿರುವುದು, ತಾಯಿಯನ್ನೂ ವಿಚಾರಿಸುವುದು (ಎಷ್ಟೋ ಸಲ ಪೆಟ್ಟು ತಿನ್ನುತ್ತಿರುವುದು ಇಬ್ಬರೂ). ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಎಂದು ದಿನಾಂಕ ಬರೆದೇ ಕಳಿಸಬೇಕು. ಬಹಳಷ್ಟು ಮಕ್ಕಳು ಸುರಕ್ಷಿತ ಜಾಗ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ತಿಂಗಳಾದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ದಾರಿಯಲ್ಲೇ ಹೋಗದಿರುವುದು ನಿಲ್ಲದಿದ್ದರೆ ಆಗ ಅಳತೆಗೋಲು ಕೆಲಸಕ್ಕೆ ಬರುತ್ತದೆ: ಎಂಟು ವರ್ಷ ಮೇಲ್ಪಟ್ಟವರಿಗೆ ಕ್ರೈಸ್-8 ಎಂಬ ಎಂಟು ಪ್ರಶ್ನೆಗಳಿವೆ, ಮೊತ್ತ 17 ಅಥವಾ ಹೆಚ್ಚಾದರೆ ತಜ್ಞರಿಗೆ ಕಳಿಸಬೇಕು. ಅಂಕದ ಮೇಲೆ ನಮಗೆ ಹಗೆಯಿಲ್ಲ ನೋಡಿ. ಇದು ಮಗುವಿಗೆ ಏನಾಯಿತು ಎಂದು ಕೆದಕುವುದಿಲ್ಲ, ಈಗ ಹೇಗಿದೆ ಎಂದು ಕೇಳುತ್ತದೆ.

ತಜ್ಞರು ಎಲ್ಲಿ? ಮನೋಚೈತನ್ಯ ಎಂಬ ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಒಳ್ಳೆಯ ವ್ಯವಸ್ಥೆ, ಆದರೆ ಮದ್ಯವ್ಯಸನ, ಸ್ಕಿಜೊಫ್ರೀನಿಯಾದ ವಯಸ್ಕರ ಸಾಲಿನಲ್ಲೇ ಮಗುವೂ ಮೂರು ಗಂಟೆ ಕಾಯುತ್ತದೆ. ಮಂಗಳವಾರ ಮಧ್ಯಾಹ್ನ 2ರಿಂದ 4 ಮಕ್ಕಳಿಗೆ ಮೀಸಲಿಡಿ. ಹದಿಹರೆಯದವರಿಗೆಂದು ಇರುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರನ್ನು ಅದಕ್ಕೆ ಜೋಡಿಸಿ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗೆ 12ರಿಂದ 16 ಭೇಟಿ ಬೇಕು, ಕೊಡುವವರಿಗೆ ತರಬೇತಿ ಬೇಕು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವೂ ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಕೆಲಸ ಮಾಡುವ ಅಲ್ಲಿನ ಸಂವಾದ್ ಘಟಕವೂ ನಮ್ಮ ರಾಜ್ಯದಲ್ಲೇ ಇವೆ. ಗುತ್ತಿಗೆ ಮೇಲಿನ ಆಪ್ತಸಮಾಲೋಚಕರು ತರಬೇತಿ ಮುಗಿಸಿ ವರ್ಷದೊಳಗೆ ಬಿಟ್ಟುಹೋದರೆ ಮಗು ಹೊಸಬರಿಗೆ ಮೊದಲಿನಿಂದ ಹೇಳಬೇಕು. ಹದಿನಾರು ಭೇಟಿಗೆ ಹದಿನಾರು ಸಲ ಬಸ್ ಚಾರ್ಜು, ಹದಿನಾರು ದಿನದ ಕೂಲಿ. ಪೋಕ್ಸೊ ನಿಯಮ 8ರಡಿ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಪ್ರಯಾಣದಂಥ ತುರ್ತು ಖರ್ಚಿಗೆ ವಾರದೊಳಗೆ ಹಣ ಸಿಗಬೇಕು. ಹೀಗೊಂದು ನಿಯಮವಿದೆ ಎಂದು ಆಸ್ಪತ್ರೆಯಲ್ಲಿ ಹೇಳುವವರೇ ಇಲ್ಲ.

ದಾಖಲೆಯ ಬಗ್ಗೆ ಚಿಕ್ಕದಾಗಿ. ಒಪಿಡಿ ಚೀಟಿ ಅಪ್ಪನ ಜೇಬಿನಲ್ಲಿ ಮನೆಗೆ ಹೋಗುತ್ತದೆ. ಮಗು ಹೇಳಿದ್ದು ಅದರಲ್ಲಿ ಇರಬಾರದು. ಬೀಗದಲ್ಲಿರುವ, ಪೊಲೀಸ್ ಪ್ರಕರಣಗಳಿಗೆಂದು ಇಡುವ ಎಂಎಲ್‌ಸಿ ಕಡತದಲ್ಲಿರಲಿ. ಆಭಾ ಎಂಬ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆಗೆ ಆಘಾತದ ಅಂಕ ಜೋಡಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಎಂಟನೇ ವಯಸ್ಸಿನಲ್ಲಿ ನಡೆದದ್ದು ಇಪ್ಪತ್ತೆಂಟರಲ್ಲಿ ವಿಮಾ ಕಂಪನಿಯ ಪರದೆಯ ಮೇಲೆ ತೆರೆದುಕೊಳ್ಳುವ ಅಪಾಯ ಯಾವ ಮಗುವಿಗೂ ಬೇಡ.

ಹಣವೇ ಬೇಡದ ಕೆಲಸವೂ ಇದೆ, ಅದಕ್ಕೆ ಯಾವ ತಪಾಸಣೆಯೂ ಬೇಕಿಲ್ಲ. ಅಂಗಿ ಎತ್ತುವ ಮೊದಲು ಮಗುವನ್ನು ಕೇಳುವುದು. ಇಂಜೆಕ್ಷನ್‌ಗೆ ನಾಲ್ಕು ಜನ ಹಿಡಿದು ಒತ್ತದಿರುವುದು. ಹೆರಿಗೆ ಕೋಣೆಯಲ್ಲಿ ಹದಿನೇಳರ ಹುಡುಗಿಗೆ ‘ಆವಾಗ ಗೊತ್ತಾಗಲಿಲ್ವಾ’ ಎಂದು ಹಂಗಿಸದಿರುವುದು. ಯಾವ ಮಗುವಿನ ಹಿಂದೆ ಏನಿದೆ ಎಂದು ಗೊತ್ತಿಲ್ಲದಿರುವುದರಿಂದಲೇ ಎಲ್ಲರ ಜೊತೆಗೂ ಹೀಗೆ ನಡೆದುಕೊಳ್ಳಬೇಕಾಗಿದೆ.

ಕೊನೆಯದಾಗಿ ಒಂದು ಪರೀಕ್ಷೆ, ಮಕ್ಕಳಿಗಲ್ಲ, ವ್ಯವಸ್ಥೆಗೆ. ಪ್ರತಿ ತಾಲೂಕಿನ ಕ್ಯಾಶುವಾಲಿಟಿ ಗೋಡೆಯ ಮೇಲೆ ಒಂದು ಹಾಳೆ ಇರಲಿ: ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರು, ಮಕ್ಕಳ ರಕ್ಷಣಾ ಘಟಕ, ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಕರ್ತವ್ಯದ ಮೇಲಿರುವ ಮಹಿಳಾ ವೈದ್ಯರು, ಮಾತಾಡಲು ಬೇರಾರೂ ಸಿಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಇಲಾಖೆಯ ಒಬ್ಬ ಅಧಿಕಾರಿ ಯಾವುದಾದರೂ ಶನಿವಾರ ಸಂಜೆ 7 ಗಂಟೆಗೆ, ಮುನ್ಸೂಚನೆ ಕೊಡದೆ, ಆ ಹಾಳೆಯ ಒಂದೊಂದು ನಂಬರಿಗೂ ಫೋನ್ ಮಾಡಲಿ. ಎಷ್ಟು ಜನ ಎತ್ತಿದರು, ಎತ್ತಿದವರು ಎಷ್ಟು ಹೊತ್ತಿನಲ್ಲಿ ಬರುತ್ತೇನೆಂದರು ಎಂದು ಬರೆದುಕೊಳ್ಳಲಿ. ಎಲ್ಲ ನಂಬರುಗಳೂ ಎತ್ತುವ ತಾಲೂಕು ಯಾವುದು ಎಂದು ತಿಳಿದ ಮೇಲೆ, ಫಾರ್ಮ್ ಬೇಕೇ ಬೇಡವೇ ಎಂದು ಆ ತಾಲೂಕಿನಲ್ಲಿ ಕೂತು ಮಾತಾಡೋಣ. ನಾವು ಬರಲು ಸಿದ್ಧ.

ಇತಿ ತಮ್ಮ ವಿಶ್ವಾಸಿಗಳು,
ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಆಪ್ತಸಮಾಲೋಚಕರು

ಪ್ರತಿ: ನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಬೆಂಗಳೂರು